ಉದ್ದಕ್ಕನ ಹೆಸರಿನ ಚೀಟಿ

ಮಾರ್ಚ್ ೪

ಮಗಳೇ,

ಇವತ್ತು ನನ್ನ ಉಪವಾಸ. ಎದ್ದು ಮನೆ ಗುಡಿಸಿ ಒರೆಸಿ, ನೀರು ತುಂಬಿಟ್ಟು, ರಾತ್ರಿ ನೆನೆಹಾಕಿದ್ದ ನಾಲ್ಕು ಬಟ್ಟೆ ಹಿಂಡಿ ಹರವಿ, ದೇವರ ಮುಂದೆ ದೀಪ ಹಚ್ಚಿ ಈಗ ಕೂತಿದ್ದೇನೆ. ಕೆಲಸಕ್ಕೆ ಹೊರಡಲು ಇನ್ನೂ ಒಂದು ಗಂಟೆ ಇದೆ. ಒಲೆ ಹಚ್ಚದ ದಿನ ಬೆಳಿಗ್ಗೆ ಎಷ್ಟು ಉದ್ದ ಅಂತ ಉಪವಾಸ ಮಾಡುವವರಿಗೇ ಗೊತ್ತು.

ಫೋನ್ ಬಿಟ್ಟು ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆದರೆ, "ಅಮ್ಮಾ, ಮೊದಲು ಮೂರು ಒಳ್ಳೆ ವಿಷಯ ಹೇಳು, ಆಮೇಲೆ ಮಿಕ್ಕಿದ್ದು" ಅನ್ನುತ್ತೀಯ. ನಾನು ಮೂರು ಹುಡುಕುವಷ್ಟರಲ್ಲಿ ನಿನಗೆ ಇನ್ಯಾರದೋ ಫೋನ್ ಬಂದಿರುತ್ತದೆ. ಮಿಕ್ಕಿದ್ದು ಮಿಕ್ಕೇ ಹೋಗುತ್ತದೆ. ಕಾಗದದಲ್ಲಿ ಆ ಕಾಟ ಇಲ್ಲ.

ನೀನು ನಮ್ಮ ಲಾಂಡ್ರಿಗೆ ಬಂದು ಭಾಷಣ ಮಾಡಿ ಆರು ವಾರ ಆಯಿತು. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಬಂದ ಹೊದಿಕೆ ಗಂಟುಗಳನ್ನೆಲ್ಲ ಗೋಡೆಗೆ ಒತ್ತಿ ನಲವತ್ತು ಕುರ್ಚಿ ಹಾಕಿಸಿದ್ದರು. ನಾನು ಮೂರನೇ ಸಾಲು, ಉದ್ದಕ್ಕನ ಪಕ್ಕ. ಉದ್ದಕ್ಕ ಗೊತ್ತಲ್ಲ, ಇಸ್ತ್ರಿ ಮೆಷಿನ್‌ನಲ್ಲಿ ನನ್ನ ಜೊತೆ ನಿಲ್ಲುವವಳು. ಹದಿನಾಲ್ಕು ವರ್ಷದಿಂದ ಹೊದಿಕೆಯ ಎಡಗಡೆ ಮೂಲೆ ಅವಳದು, ಬಲಗಡೆ ಮೂಲೆ ನನ್ನದು. ಅಟ್ಟದ ಮೇಲಿನ ಸಾಮಾನಿಗೆ ಸ್ಟೂಲ್ ಹುಡುಕುವ ಬದಲು ಅವಳನ್ನೇ ಕೂಗುತ್ತಾರೆ. ಅದಕ್ಕೇ ಆ ಹೆಸರು.

ಕೆಲಸ ಮಾಡುವ ಜಾಗದಲ್ಲಿ ದಿನಾ ಮೂರು ಸಂಗತಿಗೆ ಕೃತಜ್ಞತೆ ಹೇಳಿದರೆ ಮನಸ್ಸು ಹಗುರಾಗುತ್ತದೆ, ಕೈ ಚುರುಕಾಗುತ್ತದೆ ಅಂತ ನೀನು ಹೇಳಿದೆ. ಚೆನ್ನಾಗಿ ಹೇಳಿದೆ, ಸುಳ್ಳು ಯಾಕೆ. ಕೊನೆಗೆ ಯಜಮಾನರಿಗೆ, ಸೂಪರ್‌ವೈಸರ್‌ಗೆ, ಮೈಕಿನವನಿಗೆ, ನೀರಿನ ಲೋಟ ತಂದುಕೊಟ್ಟವಳಿಗೆ ಸಹ ಧನ್ಯವಾದ ಹೇಳಿದೆ. ಉದ್ದಕ್ಕ ನನ್ನ ಪಕ್ಕೆ ತಿವಿದು, "ಯಾರ ಮಗಳೋ ಪುಣ್ಯಾತ್ಗಿತ್ತಿ, ನೋಡೇ, ನಿನ್ನ ಮೂಗೇ ಇದೆ" ಅಂದಳು.

"ಮೂಗು ಎಲ್ಲರಿಗೂ ಇರುತ್ತೆ, ಸುಮ್ನೆ ಕೂತ್ಕೋ" ಅಂದೆ.

ನೀನು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ದಿನಾ ಏಳೂವರೆಗೆ ಎಲ್ಲರಿಗೂ ಒಂದೊಂದು ಹಳದಿ ಚೀಟಿ ಕೊಡುತ್ತಾರೆ. ಮೂರು ಸಾಲು ಬರೆದು, ಸಹಿ ಹಾಕಿ ಡಬ್ಬಿಗೆ ಹಾಕಿದ ಮೇಲೇ ಹಾಜರಿ. ಅರ್ಧ ಜನಕ್ಕೆ ಸಹಿ ಬಿಟ್ಟರೆ ಬರೆಯಲು ಬಾರದು. ಹಳ್ಳಿ ಶಾಲೆಯ ಏಳನೇ ಕ್ಲಾಸಾದರೂ ನನ್ನ ಅಕ್ಷರ ಗುಂಡಗಿದೆ. ಹಾಗಾಗಿ ಹದಿನೇಳು ಜನರ ಧನ್ಯವಾದ ನಾನೇ ಬರೆಯುತ್ತಿದ್ದೇನೆ. ದೇವರ ಕೆಲಸ ಅಂತಲೇ ಬರೆಯುತ್ತೇನೆ. ಒಂದು ಕೇಳಬೇಕಿತ್ತು: ಯಾರಿಗಾದರೂ ಏನೂ ತೋಚದ ದಿನ ಏನು ಬರೆಯಲಿ?

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಅಮ್ಮ


ಮಾರ್ಚ್ ೧೯

ಪ್ರೀತಿಯ ಅಮ್ಮ,

ನಿನ್ನ ಕಾಗದ ಬಂದದ್ದಕ್ಕೆ, ನಿನ್ನ ಗುಂಡಗಿನ ಅಕ್ಷರಕ್ಕೆ, ನಿನ್ನ ಆರೋಗ್ಯಕ್ಕೆ: ಮೂರು ಥ್ಯಾಂಕ್ಸ್!

ವೇದಿಕೆ ಮೇಲೆ ಯಾಕೆ ಹೇಳಲಿಲ್ಲ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಕೆಲಸ ಮಾಡುವವಳ ಮಗಳು ಅಂತ ಗೊತ್ತಾದರೆ ನನ್ನ ಮಾತಿಗೆ ತೂಕ ಇರುವುದಿಲ್ಲ. ಇದು ನನ್ನ ಮೊದಲ ದೊಡ್ಡ ಕೆಲಸ. ಇದು ನೆಲೆನಿಂತರೆ ಇನ್ನೂ ಹತ್ತು ಕಡೆ ಕರೆಯುತ್ತಾರೆ. ನಿನಗೆ ಅರ್ಥವಾಗುತ್ತದೆ ಅಂತ ನಂಬಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ ಸುಲಭ. ಯಾರಾದರೂ ದೂರು ತಂದರೆ ಅದನ್ನು ಬರೆಯಬೇಡ, ತಿರುಗಿಸಿ ಬರೆ. "ಕಾಲು ನೋಯುತ್ತದೆ" ಅಂದರೆ "ನಿಲ್ಲುವ ಶಕ್ತಿ ಇದೆ" ಅಂತ. "ಮೆಷಿನ್ ಕೆಟ್ಟಿದೆ" ಅಂದರೆ "ಮೆಷಿನ್ ಇಷ್ಟು ದಿನ ನಮ್ಮ ಕೈ ಹಿಡಿದಿದೆ" ಅಂತ. ದೂರು ದೂರನ್ನೇ ಹೆರುತ್ತದೆ ಅಮ್ಮ. ಒಂದು ತಿಂಗಳು ಹೀಗೆ ಮಾಡಿ ನೋಡು, ಅಲ್ಲಿನ ಗಾಳಿಯೇ ಬದಲಾಗಿರುತ್ತದೆ.

ಅಪ್ಪಿಕೊಂಡು,
ಮಗಳು


ಮೇ ೨೦

ಮಗಳೇ,

ನೀನು ಹೇಳಿದ ಹಾಗೆ ಗಾಳಿ ಬದಲಾಗಿದೆ. ಫ್ಯಾನ್ ಎರಡು ಕೆಟ್ಟು ನಿಂತಿವೆ.

ಕೋಪ ಮಾಡಿಕೊಳ್ಳಬೇಡ, ಇದು ಉದ್ದಕ್ಕನ ಮಾತು. ದಿನಾ ಬೆಳಿಗ್ಗೆ ಚೀಟಿ ಬರೆಸುವಾಗ ಅವಳದೇ ನಗೆಚಾಟಿಕೆ. "ಬರಿಯೇ, ನನ್ನ ಸೊಂಟ ಇನ್ನೂ ಎರಡು ತುಂಡಾಗಿಲ್ಲ, ಒಂದೇ ಇದೆ. ಬರಿಯೇ, ಸೂಪರ್‌ವೈಸರ್ ಸಾಹೇಬರಿಗೆ ನೆಗಡಿಯಂತೆ, ಇವತ್ತು ಕೂಗಾಡೋಕೆ ಗಂಟಲಿಲ್ಲ. ಮೂರನೇದು ನೀನೇ ಏನಾದ್ರೂ ಹಾಕ್ಕೋ, ದೇವರ ಹೆಸರಲ್ಲಿ." ನಾನು ನಕ್ಕು, ತಿರುಗಿಸಿ ಬರೆಯುತ್ತೇನೆ. ಅವಳು ಓದದೆ ಸಹಿ ಹಾಕುತ್ತಾಳೆ. ನನ್ನ ಮೇಲೆ ಅಷ್ಟು ನಂಬಿಕೆ.

ಟೀ ವಿರಾಮ ಹದಿನೈದು ನಿಮಿಷ ಇತ್ತು, ಹತ್ತಕ್ಕೆ ಇಳಿಸಿದರು. ಆ ವಾರ ಯಾರ ಚೀಟಿಯಲ್ಲೂ ಅದರ ಸುದ್ದಿ ಇಲ್ಲ. ಹೇಗೆ ಇರುತ್ತದೆ, ಬರೆಯುವವಳು ನಾನು. "ಟೀ ಬಿಸಿಯಾಗಿತ್ತು" ಅಂತ ಎಂಟು ಜನರ ಹೆಸರಲ್ಲಿ ಬರೆದೆ. ಡಬ್ಬಿ ತೆರೆದು ಓದುವಾಗ ಯಜಮಾನರು ಕಣ್ಣೊರೆಸಿಕೊಂಡರಂತೆ.

ಇನ್ನೊಂದು ವಿಷಯ. ಇಸ್ತ್ರಿ ಮೆಷಿನ್‌ನಲ್ಲಿ ಎರಡು ದೊಡ್ಡ ಕಾದ ಉರುಳೆ ಇರುತ್ತವೆ, ಹೊದಿಕೆ ಅವುಗಳ ಮಧ್ಯೆ ನುಗ್ಗಿ ಆ ಕಡೆ ಒಣಗಿ ಬರುತ್ತದೆ. ಉರುಳೆಯ ಮುಂದೆ ಒಂದು ಕಂಬಿ ಇದೆ. ಕೈ ಅಪ್ಪಿತಪ್ಪಿ ಅಲ್ಲಿಗೆ ಹೋದರೆ ಕಂಬಿಗೆ ತಾಗಿ ಮೆಷಿನ್ ತಾನೇ ನಿಲ್ಲಬೇಕು. ಆ ಕಂಬಿ ಈಗ ಸಡಿಲವಾಗಿ, ಯಾರೂ ಮುಟ್ಟದಿದ್ದರೂ ಗಂಟೆಗೆ ನಾಲ್ಕು ಸಲ ಮೆಷಿನ್ ನಿಲ್ಲುತ್ತಿತ್ತು. ಸೂಪರ್‌ವೈಸರ್ ಹರಿದ ಹೊದಿಕೆಯ ಒಂದು ಪಟ್ಟಿ ತಂದು ಕಂಬಿಯನ್ನು ಮೇಲಕ್ಕೆತ್ತಿ ಕಟ್ಟಿಬಿಟ್ಟ. ಈಗ ಮೆಷಿನ್ ನಿಲ್ಲುವುದೇ ಇಲ್ಲ.

ಉದ್ದಕ್ಕ ಅವನಿಗೆ ಎದುರಿಗೇ ಹೇಳಿದಳು. "ಇದು ಸರಿಯಲ್ಲ ಸಾಹೇಬರೇ, ರಿಪೇರಿಯವರನ್ನ ಕರೆಸಿ."

"ಏನೇ ಇದ್ದರೂ ಚೀಟಿಯಲ್ಲಿ ಹಾಕಮ್ಮ. ಬಾಯಲ್ಲಿ ಹೇಳಿದ್ದು ಯಾರಿಗೆ ನೆನಪಿರುತ್ತೆ?" ಅಂದ.

ಅವಳು ನನ್ನ ಹತ್ತಿರ ಬಂದು, ಅವತ್ತು ಮಾತ್ರ ನಗದೆ, "ಕಂಬಿ ಕಟ್ಟಿದ್ದಾರೆ, ಕೈ ಹೋದರೆ ಹೋಯ್ತು ಅಂತ ಬರಿ. ಹಾಗೇ ಬರಿ" ಅಂದಳು.

"ಅದು ದೂರಾಯ್ತಲ್ಲೇ, ಚೀಟಿಯಲ್ಲಿ ದೂರು ಬರೆಯೋ ಹಾಗಿಲ್ಲ" ಅಂದೆ.

"ಮತ್ತೆಲ್ಲಿ ಬರೆಯೋ ಹಾಗಿದೆ?"

ಹಿಂದೆ ಒಂಬತ್ತು ಜನ ನಿಂತಿದ್ದರು, ಹಾಜರಿಗೆ ಹೊತ್ತಾಗಿತ್ತು. ನೀನು ಕಲಿಸಿದ ಹಾಗೆ ತಿರುಗಿಸಿ ಬರೆದೆ: "ಮೆಷಿನ್ ಈಗ ನಿಲ್ಲದೆ ಚೆನ್ನಾಗಿ ನಡೆಯುತ್ತಿದೆ. ದೇವರ ದಯೆ." ಅವಳು ಸಹಿ ಹಾಕಿದಳು.

ಬರೆದಾಗಿನಿಂದ ಮನಸ್ಸಿಗೆ ಏನೋ ಹತ್ತಿಕೊಂಡಿದೆ. ನಿನಗೆ ಯಜಮಾನರ ಆಫೀಸಿನಲ್ಲಿ ಬಳಕೆ ಇದೆ. ಒಂದು ಮಾತು ಹಾಕು.

ಅಮ್ಮ


ಜೂನ್ ೨

ಮಗಳೇ,

ಉದ್ದಕ್ಕನ ಬಲಗೈ ಹೋಯಿತು.

ಮೇ ಇಪ್ಪತ್ತನಾಲ್ಕು, ಬೆಳಿಗ್ಗೆ ಹತ್ತೂಕಾಲು. ಆಸ್ಪತ್ರೆಯ ದೊಡ್ಡ ಹೊದಿಕೆ, ಅವಳ ಕಡೆ ಮೂಲೆ ಮಡಚಿಕೊಂಡಿತ್ತು. ಬಿಡಿಸಲು ಕೈ ಚಾಚಿದಳು. ನನ್ನ ಕಡೆಯಿಂದ ನಾನು ಎಳೆದು ಹಿಡಿದಿದ್ದೆ. ಬಟ್ಟೆ ಹೋಗುತ್ತಲೇ ಇತ್ತು, ಕೈಯೂ ಹೋಯಿತು. ನಿಲ್ಲಿಸುವ ಕೆಂಪು ಗುಂಡಿ ಇರುವುದು ಮಡಿಸುವ ಕಡೆ. ಹನ್ನೊಂದು ಹೆಜ್ಜೆ. ಆಮೇಲೆ ನಡೆದು ಎಣಿಸಿದೆ. ಹನ್ನೊಂದು ಹೆಜ್ಜೆ ಓಡುವಷ್ಟು ಹೊತ್ತು ಅವಳ ಕೈ ಒಳಗಿತ್ತು. ಅವಳು ಕೂಗಿದ್ದು ನನ್ನ ಹೆಸರನ್ನೇ.

ವಾಸನೆಯ ಬಗ್ಗೆ ಬರೆಯುವುದಿಲ್ಲ. ಒಂಬತ್ತು ದಿನವಾಯಿತು, ನಾನು ಒಲೆ ಮುಂದೆ ನಿಂತಿಲ್ಲ. ಇದಕ್ಕೆ ಉಪವಾಸ ಅನ್ನುವುದಿಲ್ಲ.

ಅವಳನ್ನು ಹೊತ್ತು ಹೊರಗೆ ಹೋದರು. ನಾನು ಹೊರಗಿನಿಂದ ತಿರುಗಿ ಬಂದಾಗ ಕಂಬಿಗೆ ಕಟ್ಟಿದ್ದ ಪಟ್ಟಿ ಇರಲಿಲ್ಲ. ಸೂಪರ್‌ವೈಸರ್ ಬಾಗಿಲ ಹತ್ತಿರ ನಿಂತು ಕಿಸೆಯೊಳಗೆ ಏನೋ ತುರುಕಿಕೊಳ್ಳುತ್ತಿದ್ದ. ಅವನಿಗೆ ಮೊದಲು ನೆನಪಾದದ್ದು ಆಂಬುಲೆನ್ಸ್ ಅಲ್ಲ.

ಮಧ್ಯಾಹ್ನವೇ ಡಬ್ಬಿ ಆಫೀಸಿಗೆ ಹೋಯಿತು. ವಿಚಾರಣೆಗೆ ಸರ್ಕಾರದಿಂದ ಒಬ್ಬ ಅಧಿಕಾರಿ ಬಂದಿದ್ದಾರೆ. ಅವರ ಮುಂದೆ ನಾಲ್ಕು ತಿಂಗಳ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟರಂತೆ. ಎಲ್ಲಕ್ಕಿಂತ ಮೇಲೆ ಉದ್ದಕ್ಕನ ಹೆಸರಿನದು. "ನೋಡಿ, ಕೈ ಹೋಗುವ ಐದು ದಿನ ಮೊದಲು ಆಕೆಯೇ ಸಹಿ ಹಾಕಿದ್ದಾಳೆ, ಮೆಷಿನ್ ಚೆನ್ನಾಗಿದೆ ಅಂತ. ಇಡೀ ಲಾಂಡ್ರಿಯಲ್ಲಿ ಒಂದೇ ಒಂದು ದೂರಿಲ್ಲ. ಆಕೆ ಮೈಮರೆತು ಕೈ ಹಾಕಿದ್ದು" ಅಂದರಂತೆ ಯಜಮಾನರು. ಹೀಗೆ ತೀರ್ಮಾನವಾದರೆ ತಪ್ಪು ಅವಳದೇ ಅಂತ ಬರೆದು ಕೆಲಸದಿಂದ ತೆಗೆಯುತ್ತಾರೆ. ಒಂದು ಕೈಯವಳನ್ನು ಇನ್ನೆಲ್ಲಿ ಸೇರಿಸಿಕೊಳ್ಳುತ್ತಾರೆ?

ಆ ಮಾತು ಅವಳದಲ್ಲ, ನನ್ನದು. ನನ್ನದೂ ಅಲ್ಲ, ನಿನ್ನದು. ಚೀಟಿಯಲ್ಲಿ ದೂರು ಬರೆಯಬಾರದು ಅನ್ನುವ ನಿಯಮ ಮಾಡಿಕೊಟ್ಟವಳು ನೀನು ಅಂತ ಅಧಿಕಾರಿಯ ಮುಂದೆ ಬಂದು ಒಂದು ಮಾತು ಹೇಳು. ಅಷ್ಟು ಹೇಳಿದರೆ ಆ ಚೀಟಿಗಳಿಗೆಲ್ಲ ಬೆಲೆ ಇಲ್ಲದ ಹಾಗಾಗುತ್ತದೆ. ನಾನು ತಿರುಗಿಸಿ ಬರೆದದ್ದನ್ನು ನಾನು ಹೇಳಿಕೊಳ್ಳುತ್ತೇನೆ. ಆದರೆ ಅಕ್ಷರ ಬಲ್ಲ ಒಬ್ಬ ಕೆಲಸದವಳ ಮಾತು ಯಾರು ನಂಬುತ್ತಾರೆ? ಗೆಳತಿಯನ್ನು ಉಳಿಸಲು ಹೇಳುತ್ತಾಳೆ ಅನ್ನುತ್ತಾರೆ. ನೀನು ಬಾ.

ಇಪ್ಪತ್ತನೇ ತಾರೀಖಿನ ಕಾಗದ ನಿನಗೆ ಯಾವತ್ತು ತಲುಪಿತು ಅಂತ ನಾನು ಕೇಳುವುದಿಲ್ಲ.

ಅಮ್ಮ


ಜೂನ್ ೧೮

ಮಗಳೇ,

ಉತ್ತರವಿಲ್ಲ. ಫೋನೂ ಎತ್ತುತ್ತಿಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಮಂಚ ಅವಳಿಗೆ ಗಿಡ್ಡ, ಕಾಲು ಹೊರಗೆ ಚಾಚಿಕೊಂಡಿದೆ. ಮಣಿಕಟ್ಟಿನ ಮೇಲಿನವರೆಗೆ ತೆಗೆದಿದ್ದಾರೆ. ನಾನು ಎಡಗಡೆ ಹೋಗಿ ಕೂತೆ. ಅವಳ ಮಗ ಬಂದು ಹೋಗಿದ್ದನಂತೆ, ಮೇಜಿನ ಮೇಲೆ ಬಾಚಣಿಗೆ ಇತ್ತು. ತಲೆ ಬಾಚಿಕೊಟ್ಟೆ. ಸುಮ್ಮನೆ ಬಾಚಿಸಿಕೊಂಡಳು.

ಜಡೆ ಹಾಕುವಾಗ ಕೇಳಿದಳು. "ನಾನು ಕಂಬಿ ವಿಷಯ ಬರೆಸಿದ್ದೆನಲ್ಲ. ಆ ಚೀಟಿ ಇದ್ದರೆ ಸಾಕು, ನಮ್ಮ ಕೈ ಮೇಲಾಗುತ್ತೆ ಅಂತ ಮಗ ಹೇಳ್ತಾನೆ. ಅದು ಸಿಕ್ತಾ?"

ಅವಳಿಗೆ ಯಾರೂ ಹೇಳಿರಲಿಲ್ಲ.

ಹೇಳಿದೆ. ಎಲ್ಲ ಹೇಳಿದೆ. ಭಾಷಣ ಮಾಡಿದ ಹುಡುಗಿ ಯಾರ ಮಗಳು ಅನ್ನುವುದನ್ನೂ ಹೇಳಿದೆ. ಜಡೆ ಅರ್ಧಕ್ಕೆ ನಿಂತಿತ್ತು.

ಆಮೇಲೆ, "ನಿನ್ನ ಅಕ್ಷರ ಗುಂಡಗಿದೆ ಅಂತ ಯಜಮಾನರು ಹೊಗಳ್ತಿದ್ರಲ್ಲ" ಅಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲೇ ಕಾಲು ಹಿಡಿಯುತ್ತಿದ್ದೆ. ಹೊರಡುವಾಗ "ಜಡೆ ಮುಗಿಸಿ ಹೋಗು, ಒಂದು ಕೈಯಲ್ಲಿ ನನಗೆ ಬರಲ್ಲ" ಅಂದಳು. ಮುಗಿಸಿ ಬಂದೆ.

ಲಾಂಡ್ರಿಯಲ್ಲಿ ಈಗಲೂ ಬೆಳಿಗ್ಗೆ ಚೀಟಿ ಕೊಡುತ್ತಾರೆ. ನಾನು ಯಾರಿಗೂ ಬರೆದುಕೊಡುತ್ತಿಲ್ಲ. "ಯಾಕಮ್ಮ, ಕೈನೋವಾ?" ಅಂತ ಸೂಪರ್‌ವೈಸರ್ ಕೇಳಿದ. "ಹೌದು, ಕೈಯದೇ ನೋವು" ಅಂದೆ.

ಬೆಳಿಗ್ಗೆ ದೇವರ ಮುಂದೆ ಕೂತರೆ ಬಾಯಿಗೆ ಮಾತು ಬರುವುದಿಲ್ಲ. ಐವತ್ತು ವರ್ಷದಲ್ಲಿ ಮೊದಲ ಸಲ. ಅವನಿಗೆ ಒಬ್ಬನಿಗೆ ಹೇಳುತ್ತಿದ್ದ ಮಾತನ್ನು ನಾಲ್ಕು ತಿಂಗಳು ದಿನಾ ಹದಿನೇಳು ಸಲ ಡಬ್ಬಿಗೆ ಹಾಕಿದ್ದೇನೆ. ಇನ್ನು ಅವನ ಮುಂದೆ ಅದನ್ನೇ ಯಾವ ಮುಖ ಇಟ್ಟುಕೊಂಡು ಹೇಳಲಿ?

ಜುಲೈ ಹತ್ತು, ಗುರುವಾರ, ಕೊನೆಯ ವಿಚಾರಣೆ.

ಅಮ್ಮ


ಜೂನ್ ೨೭

ಅಮ್ಮ,

ಇದರ ಜೊತೆ ಒಂದು ಹೇಳಿಕೆ ಇಟ್ಟಿದ್ದೇನೆ. "ಚೀಟಿಗಳನ್ನು ಎಲ್ಲರೂ ಸ್ವಂತ ಇಷ್ಟದಿಂದ ಬರೆಸಿದರು, ಹೇಳಿದ್ದನ್ನು ಹೇಳಿದ ಹಾಗೆ ಬರೆದೆ" ಅಂತ ಇದೆ. ಯಜಮಾನರ ವಕೀಲರು ಬರೆದದ್ದು. ನೀನು ಸಹಿ ಹಾಕಿದರೆ ನಿನ್ನ ಕೆಲಸಕ್ಕೂ ತೊಂದರೆ ಇಲ್ಲ, ನನ್ನ ಹೆಸರೂ ಬರುವುದಿಲ್ಲ. ನಿನ್ನ ಗೆಳತಿಗೆ ಅವರು ಬೇರೆ ರೀತಿಯಲ್ಲಿ ಸಹಾಯ ಮಾಡುತ್ತಾರಂತೆ, ನಾನು ಕೇಳಿಕೊಂಡಿದ್ದೇನೆ. ಈಗ ಹನ್ನೊಂದು ಕಡೆ ನನ್ನ ಕಾರ್ಯಕ್ರಮ ನಡೆಯುತ್ತಿದೆ ಅಮ್ಮ. ನಾನು ಆ ಅಧಿಕಾರಿಯ ಮುಂದೆ ಬಾಯಿ ತೆರೆದರೆ ಎಲ್ಲ ಒಂದೇ ದಿನದಲ್ಲಿ ಮುಚ್ಚಿಹೋಗುತ್ತದೆ.

ಆ ಮಾತು ನನ್ನದು ಅಂತ ಬರೆದಿದ್ದೀಯ. ನಾನೂ ಒಂದು ಕೇಳಬೇಕು. ನನಗೆ ಆಗ ಒಂಬತ್ತು ವರ್ಷ. ಅಪ್ಪ ಬೀಸಿದ ಲೋಟ ನನ್ನ ಬಾಯಿಗೆ ಬಡಿಯಿತು. ಹಲ್ಲು ಅಂಗೈಯಲ್ಲಿ ಹಿಡಿದುಕೊಂಡು ನಿನ್ನ ಹತ್ತಿರ ಬಂದೆ. ನೀನು ಏನಂದೆ, ನೆನಪಿದೆಯಾ? "ಕಣ್ಣಿಗೆ ಬೀಳಲಿಲ್ಲವಲ್ಲ, ದೇವರಿಗೆ ಕೈ ಮುಗಿ" ಅಂದೆ. ಹಲ್ಲು ಅಂಗೈಯೊಳಗಿದ್ದ ಹಾಗೇ ನಾನು ಕೈ ಮುಗಿದೆ.

ನಾನು ಹೋದ ಕಡೆಯಲ್ಲೆಲ್ಲ ಕಲಿಸುತ್ತಿರುವುದು ಅದನ್ನೇ. ಬೇರೆ ಯಾವ ಪುಸ್ತಕದಿಂದಲೂ ಕಲಿತಿಲ್ಲ.

ಹೇಳಿಕೆಗೆ ಸಹಿ ಹಾಕಿ ಬೇಗ ಕಳಿಸು.

ಮಗಳು


ಜುಲೈ ೨

ಮಗಳೇ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಹತ್ತು ಸಲ ಓದಿದೆ.

ಲೋಟದ ವಿಷಯ ನಿಜ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವತ್ತು ನಾನು ನಿನ್ನ ಅಪ್ಪನ ಕೈ ಹಿಡಿಯಬೇಕಿತ್ತು. ಅದು ನನ್ನಿಂದಾಗಲಿಲ್ಲ, ನಿನ್ನ ಎರಡು ಕೈ ಜೋಡಿಸಿದೆ. ಅದಕ್ಕೆ ಭಕ್ತಿ ಅಂತ ಹೆಸರಿಟ್ಟೆ. ಹೆದರಿಕೆ ಅದು. ಮಾರನೇ ದಿನ ಶಾಲೆಯಲ್ಲಿ ಟೀಚರ್ ಕೇಳಿದರೆ ಬಿದ್ದೆ ಅಂತ ಹೇಳು ಅಂದವಳೂ ನಾನೇ. ಅದನ್ನು ನೀನು ಬರೆದಿಲ್ಲ. ಮರೆತಿದ್ದೀಯೋ, ಬಿಟ್ಟಿದ್ದೀಯೋ. ನಾನು ಮರೆತಿಲ್ಲ. ನಿನಗೆ ಈಗ ಮೂವತ್ತೊಂದು. ಇಷ್ಟು ವರ್ಷ ಇದನ್ನು ಹೊತ್ತುಕೊಂಡು ನೀನು ನನ್ನ ಜೊತೆ ನಗುನಗುತ್ತಾ ಮಾತಾಡಿದೆ. ನನ್ನ ಮಗಳು ಸುಖವಾಗಿದ್ದಾಳೆ ಅಂದುಕೊಂಡೆ.

ಕ್ಷಮಿಸು ಅಂತ ಕೇಳುತ್ತಿಲ್ಲ. ಕೇಳಿದರೆ ನೀನು ಅದನ್ನೂ ತಿರುಗಿಸಿ, ಒಳ್ಳೆಯದೇ ಆಯಿತು ಅಂತ ಹೇಳಿಬಿಡುತ್ತೀಯ. ಹಾಗೆ ಹೇಳಬೇಡ. ಹಲ್ಲು ಹೋದದ್ದು ಹೋದದ್ದೇ. ಅವತ್ತು ನೋವಾಗಿತ್ತು ಅಂತ ಒಂದು ಸಲ, ಬರೇ ಅಷ್ಟನ್ನೇ ನನಗೆ ಹೇಳು. ಕೇಳುತ್ತೇನೆ.

ಹಾಗಂತ ವಕೀಲರ ಹೇಳಿಕೆಗೆ ಸಹಿ ಹಾಕಲಾರೆ. ಮಗಳಿಗೆ ಮಾಡಿದ ಅನ್ಯಾಯವನ್ನು ಗೆಳತಿಗೂ ಮಾಡಿದರೆ ಸಮ ಆಗುತ್ತದೆಯೇ? ನೀನು ಯೋಚನೆ ಮಾಡು. ಅವಳ ಕೈ ನಿನಗೆ ಯಾವತ್ತೂ ಏನೂ ಕೆಡುಕು ಮಾಡಿಲ್ಲ.

ಸ್ವಂತದ ಹೇಳಿಕೆ ಬರೆದಿದ್ದೇನೆ, ನಾಲ್ಕು ಹಾಳೆ. ಪಟ್ಟಿ ಯಾರು ಕಟ್ಟಿದರು, ಉದ್ದಕ್ಕ ಏನು ಬರೆಸಿದಳು, ನಾನು ಏನು ಬರೆದೆ, ಪಟ್ಟಿ ಯಾರ ಕಿಸೆಗೆ ಹೋಯಿತು. ಮಡಿಸುವ ಕಡೆಯ ಇಬ್ಬರು ಕಂಬಿ ಕಟ್ಟಿದ್ದನ್ನು ನೋಡಿದ್ದಾರೆ, ಬರುತ್ತೇವೆ ಅಂದಿದ್ದಾರೆ. ಅವತ್ತು ಬೆಳಿಗ್ಗೆ ಬರುತ್ತಾರೋ ಇಲ್ಲವೋ, ಅವರಿಗೂ ಮನೆ, ಮಕ್ಕಳು ಇದ್ದಾರೆ. ಇದಾದ ಮೇಲೆ ನನ್ನನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ, ಗೊತ್ತು.

ಆ ಹಾಳೆಗಳಲ್ಲಿ ನಿಯಮ ಯಾರು ಮಾಡಿದರು ಅನ್ನುವ ಜಾಗ ಬಂದಾಗ ಪೆನ್ನು ನಿಂತಿತು. ನಿನ್ನ ಹೆಸರು ಬರೆಯಲು ಕೈ ಬರಲಿಲ್ಲ ಅಂತಲ್ಲ. ಬೇರೆಯವರ ಬಾಯಿಗೆ ನಾನು ಮಾತು ತುರುಕಿದ್ದು ಸಾಕು. ಆ ಒಂದು ಹಾಳೆ ಖಾಲಿ ಬಿಟ್ಟಿದ್ದೇನೆ. ಅದರಲ್ಲಿ ನೀನು ಏನು ಕಲಿಸಿದೆ ಅನ್ನುವುದನ್ನು ನೀನೇ ಬರೆದು ಸಹಿ ಹಾಕಿ ವಿಚಾರಣೆಗೆ ತರಬಹುದು. ಬರೆಯದಿದ್ದರೆ ಖಾಲಿ ಹಾಳೆಯ ಸಮೇತ ಅಧಿಕಾರಿಗೆ ಕೊಡುತ್ತೇನೆ. ಇದು ಯಾರದು ಅಂತ ಅವರು ಕೇಳಿದರೆ ಆಗ ಬಾಯಲ್ಲಿ ಹೇಳುತ್ತೇನೆ, ನನ್ನ ಮಗಳದು ಅಂತ.

ನನ್ನ ಹೇಳಿಕೆಯ ಪ್ರತಿ, ಅಂಥದೇ ಇನ್ನೊಂದು ಖಾಲಿ ಹಾಳೆ, ನೀನು ಕಳಿಸಿದ ವಕೀಲರ ಕಾಗದ, ಮೂರನ್ನೂ ಒಂದು ಲಕೋಟೆಯಲ್ಲಿ ಹಾಕಿ ಲಾಂಡ್ರಿಯ ಗೇಟಿನ ಕಾವಲಮ್ಮನ ಹತ್ತಿರ ಕೊಟ್ಟಿದ್ದೇನೆ. ನಿನ್ನ ಕಾಗದಕ್ಕೆ ಅದೇ ನನ್ನ ಉತ್ತರ. ಈ ಕಾಗದ ಮಾತ್ರ ಅಂಚೆಯಲ್ಲಿ ಬರುತ್ತದೆ, ಆ ಲಕೋಟೆಯನ್ನು ಅಂಚೆಗೆ ಹಾಕುವುದಿಲ್ಲ. ತಲುಪಲಿಲ್ಲ ಅನ್ನಲು ಈ ಸಲ ಯಾರಿಗೂ ದಾರಿ ಇರಬಾರದು. ತೆಗೆದುಕೊಂಡವರು ಗೇಟಿನ ಪುಸ್ತಕದಲ್ಲಿ ಹೆಸರು, ಹೊತ್ತು ಬರೆದು ಸಹಿ ಹಾಕಬೇಕು.

ನೀನೇ ಬಂದರೆ ಬಾ. ಆಗದಿದ್ದರೆ ವಿಚಾರಣೆಯ ಹಿಂದಿನ ದಿನ, ಬುಧವಾರ ಸಂಜೆ ಐದರೊಳಗೆ ಯಾರನ್ನಾದರೂ ಕಳಿಸಿ ಅದನ್ನು ತರಿಸಿಕೋ.

ಅಮ್ಮ